ಬೆಂಗಳೂರು ಗುಂಡಿ, ಎರೆಭೂಮಿ ಮತ್ತು ಒಂದು ಬುಟ್ಟಿ

ಮೊದಲೇ ಹೇಳಿಬಿಡ್ತೀನಿ, ಇದು ಸಂಡಾಸಿನ ಬಗ್ಗೆ ಬರಹ. ಊಟ ಮಾಡ್ತಾ ಓದುವವರು ಆಮೇಲೆ ಬನ್ನಿ :) ಮೂಗು ಮುಚ್ಚಿಕೊಳ್ಳದೆ ಓದಿದರೆ ಇದರಲ್ಲಿ ಗೊಬ್ಬರದ ಕಥೆ ಇದೆ. ಆ ಗೊಬ್ಬರವನ್ನು ನಾವು ಯಾರ ತಲೆ ಮೇಲೆ ಹೊರಿಸಿದೆವು ಅನ್ನೋ ಕಥೆಯೂ ಇದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಾಪುರ (2014ರಿಂದ ವಿಜಯಪುರ) ಜಿಲ್ಲೆಯ ಹಳೇ ತಾಲೂಕುಗಳು. ಈಗ ಒಡೆದು ಜಾಸ್ತಿ ಆಗಿವೆ, ಆದರೆ ನೆಲ ಅದೇ. ಮೇಲೆ ಭೀಮಾ, ಕೆಳಗೆ ಕೃಷ್ಣಾ, ನಡುವೆ ಉಪ್ಪುನೀರಿನ ಡೋಣಿ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಬಂದರೆ ಬಂತು. ಎರೆಭೂಮಿ, ಬಿಳಿಜೋಳ. ಚರಿಗಿ ಹಿಡಿದು ಬೈಲಕಡಿ ಹೋಗೋದು ಇಲ್ಲಿ ತಲೆತಲಾಂತರದ ರೂಢಿ. "ಜನಕ್ಕೆ ಬುದ್ಧಿ ಇಲ್ಲ" ಅಂತ ಹೇಳಿ ಮುಗಿಸುವವರು ಬಹಳ. ಆದರೆ ಎರೆಮಣ್ಣಿನ ಗುಣ ಗೊತ್ತಿದ್ದವರು ಹಾಗೆ ಹೇಳಲ್ಲ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ, ಗೋಡೆ ಸೀಳುತ್ತೆ. ನೀರನ್ನು ಬಹಳ ನಿಧಾನ ಇಂಗಿಸಿಕೊಳ್ಳುತ್ತೆ. ಇಂಥ ಮಣ್ಣಲ್ಲಿ ಇಂಗುಗುಂಡಿ ತೋಡಿದರೆ ಸುತ್ತಲೂ 30 ಸೆಂ.ಮೀ. ಮರಳು-ಜಲ್ಲಿ ತುಂಬಬೇಕು ಅಂತ ಎಂಜಿನಿಯರಿಂಗ್ ನಿಯಮವೇ ಇದೆ. ಅದನ್ನು ಬಿಟ್ಟರೆ ಮಳೆಗಾಲದಲ್ಲಿ ಗುಂಡಿ ತುಂಬಿ ಮೇಲೆ ಬರುತ್ತೆ. ಹಾಗಾದ ಸಂಡಾಸು ಕಟ್ಟಿಗೆ, ಕುಳ್ಳು ಇಡೋ ಕೋಣೆ ಆಗೋದರಲ್ಲಿ ಆಶ್ಚರ್ಯ ಏನಿದೆ?

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1920ರ ದಶಕದಲ್ಲಿ ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ಸಗಣಿ, ಕಸಕಡ್ಡಿಯಿಂದ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಅದು 'ಇಂದೋರ್ ಪದ್ಧತಿ'. ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ್ದು 'ಬೆಂಗಳೂರು ಪದ್ಧತಿ'. 1939ರಲ್ಲಿ ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಸಿ.ಎನ್. ಆಚಾರ್ಯ ಇದನ್ನು ಬೆಳೆಸಿದರು. ಸುಮಾರು ಒಂದು ಮೀಟರ್ ಆಳದ ಕಂದಕ. ಅದರಲ್ಲಿ 15 ಸೆಂ.ಮೀ. ಊರ ಕಸ, ಅದರ ಮೇಲೆ 5 ಸೆಂ.ಮೀ. ಮಲ, ಮತ್ತೆ ಕಸ, ಮತ್ತೆ ಮಲ. ಕೊನೆಗೆ ಮೇಲೆ ಮಣ್ಣು. ಒಂದು ವಾರದಲ್ಲಿ ಒಳಗಿನ ಕಾವು 60 ಡಿಗ್ರಿ ದಾಟುತ್ತೆ, ರೋಗಾಣು ಸಾಯುತ್ತವೆ. ಕೆಲವು ತಿಂಗಳಲ್ಲಿ ವಾಸನೆ ಇಲ್ಲದ ಕಪ್ಪು ಗೊಬ್ಬರ. ಮಗುಚುವ ಕೆಲಸವೂ ಇಲ್ಲ. ಈ ಪದ್ಧತಿ ದೇಶದ ಅನೇಕ ಪಟ್ಟಣಗಳಿಗೆ ಹೋಯಿತು, ಪಠ್ಯಪುಸ್ತಕಗಳಿಗೂ ಸೇರಿತು.

ವಿಜ್ಞಾನವಾಗಿ ನೋಡಿದರೆ ಅದ್ಭುತ. ಆದರೆ ಆ 5 ಸೆಂ.ಮೀ. ಪದರ ಕಂದಕದ ತನಕ ಬಂದದ್ದು ಹೇಗೆ? ಬುಟ್ಟಿಯಲ್ಲಿ. ಬೆಳಗಿನ ಜಾವ, ಮನೆ ಹಿಂದಿನ ಸಣ್ಣ ಬಾಗಿಲಿಂದ, ಒಂದೇ ಜಾತಿಯವರ ಕೈಯಲ್ಲಿ ಬಳಿಸಿ, ಅವರ ತಲೆ ಮೇಲೆ. ಗುಂಡಿಯ ಅಳತೆ, ಕಾವು, ಸಾರಜನಕ ಎಲ್ಲದರ ಲೆಕ್ಕ ಸಿಗುತ್ತೆ. ಬುಟ್ಟಿ ಹೊತ್ತವರ ಲೆಕ್ಕ ಅದರಲ್ಲಿಲ್ಲ.

ಆ ಬುಟ್ಟಿ ಇಳಿಸಲು ಕರ್ನಾಟಕದಲ್ಲಿ ದೊಡ್ಡ ಹೆಜ್ಜೆ ಬಿದ್ದದ್ದು 1970ರ ದಶಕದಲ್ಲಿ. ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. (ಹೌದು, 1973ರ 'ಬೂಸಾ' ಗಲಾಟೆಯ ಅದೇ ಬಸವಲಿಂಗಪ್ಪನವರು.) 1976ರಲ್ಲಿ ಪೌರಕಾರ್ಮಿಕರ ಸ್ಥಿತಿಗತಿ ಕುರಿತು ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ ಬಂತು. 1993ರಲ್ಲಿ ಕೇಂದ್ರದ ಕಾನೂನು, 2013ರಲ್ಲಿ ಇನ್ನೊಂದು. ನಡುವೆ, 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸ ಮಾಡುತ್ತಿದ್ದ ಕುಟುಂಬಗಳವರು ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸಬೇಡಿ ಅಂತ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಕಾನೂನು ಬಂದು ಆಗಲೇ 17 ವರ್ಷ.

ಬುಟ್ಟಿ ಹೋದ ಕಡೆ ಫ್ಲಶ್ ಬಂತು, ಸೆಪ್ಟಿಕ್ ಟ್ಯಾಂಕ್ ಬಂತು. ಮಲ ಕಣ್ಣಿಗೆ ಕಾಣದಾಯ್ತು, ಅಷ್ಟೇ. ಟ್ಯಾಂಕಿಗೆ, ಮ್ಯಾನ್‌ಹೋಲಿಗೆ ಇಳಿದು ಸತ್ತವರು ಮತ್ತದೇ ಜನ. ಹೊಲಕ್ಕೆ ಹೋಗಬೇಕಿದ್ದ ಗೊಬ್ಬರ ಹಳ್ಳಕ್ಕೆ ಹೋಯಿತು.

ಇಕೋಸ್ಯಾನ್ ಅನ್ನೋ ಯೋಚನೆ ಇಲ್ಲಿ ಬರುತ್ತೆ. ಮಲ, ಮೂತ್ರ, ತೊಳೆದ ನೀರು ಮೂರನ್ನೂ ಕೂತ ಜಾಗದಲ್ಲೇ ಬೇರೆ ಮಾಡೋದು. ನೆಲದ ಮೇಲೆ ಎರಡು ಕೋಣೆ. ಒಂದು ತುಂಬುವಾಗ ಪ್ರತಿ ಸಲ ಮೇಲೆ ಬೂದಿ ಹಾಕೋದು. ತುಂಬಿದ್ದನ್ನು ಮುಚ್ಚಿ ಆರು ತಿಂಗಳಿಂದ ವರ್ಷ ಬಿಟ್ಟರೆ ಒಣ ಮಣ್ಣಿನಂತೆ ಆಗುತ್ತೆ. ದೊಡ್ಡವರೊಬ್ಬರು ವರ್ಷಕ್ಕೆ ಸುಮಾರು 500 ಲೀಟರ್ ಮೂತ್ರ, 50 ಕೆ.ಜಿ. ಮಲ ಕೊಡ್ತಾರೆ. ಸಾರಜನಕದ ಬಹುಪಾಲು ಮೂತ್ರದಲ್ಲೇ ಇರುತ್ತೆ. ತಮಿಳುನಾಡಿನ ಮುಸಿರಿಯಲ್ಲಿ ಸ್ಕೋಪ್ ಸಂಸ್ಥೆ 2000ರ ದಶಕದಲ್ಲಿ ಇಂಥ ಸಮುದಾಯ ಶೌಚಾಲಯ ಕಟ್ಟಿಸಿ, ಬಳಸಿದವರಿಗೇ 10 ಪೈಸೆ ಕೊಡುತ್ತಿತ್ತು! ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಅರ್ಘ್ಯಂ ಸಂಸ್ಥೆಯ ನೆರವಿನಿಂದ ಮೆಕ್ಕೆಜೋಳ, ಬಾಳೆಗೆ ಮಾನವ ಮೂತ್ರ ಕೊಟ್ಟು ಪ್ರಯೋಗ ಮಾಡಿದರು. 2015ರಲ್ಲಿ ದೇವನಹಳ್ಳಿಯಲ್ಲಿ ಸೆಪ್ಟಿಕ್ ಟ್ಯಾಂಕಿನ ಕೆಸರನ್ನು ಒಣಗಿಸಿ ಗೊಬ್ಬರ ಮಾಡುವ ಘಟಕ ಶುರುವಾಯ್ತು. ಬೆಂಗಳೂರು ಪದ್ಧತಿಯ ಊರ ಪಕ್ಕದಲ್ಲೇ, ಬುಟ್ಟಿ ಬದಲು ಟ್ಯಾಂಕರ್ ಬಂತು.

ನಮ್ಮ ಎರೆಭೂಮಿಗೆ ಇದನ್ನು ಇಟ್ಟು ನೋಡಿ. ಕೋಣೆ ನೆಲದ ಮೇಲಿರೋದರಿಂದ ಮಣ್ಣು ಇಂಗಿಸಿಕೊಳ್ಳುತ್ತೋ ಇಲ್ಲವೋ ಅನ್ನೋ ಚಿಂತೆ ಕಡಿಮೆ. ಫ್ಲಶ್ಶಿಗೆ ನೀರು ಬೇಡ. ಒಣಗಿಸೋಕೆ ಬಿಸಿಲು ಬೇಕಾದಷ್ಟಿದೆ, ಒಲೆ ಇರೋ ಮನೇಲಿ ಬೂದಿಯೂ ಇದೆ. ಗೊಬ್ಬರ ಬೇಡುವ ಹೊಲವಂತೂ ಮನೆ ಹಿಂದೇ ಇದೆ. ಲೆಕ್ಕ ಸರಿಯಾಗೇ ಕೂಡುತ್ತೆ.

ಕೂಡದ ಲೆಕ್ಕ ಒಂದೇ: ಕೋಣೆ ತುಂಬಿದ ಮೇಲೆ ಬಾಗಿಲು ತೆಗೆಯೋರು ಯಾರು? ಮನೆಯವರೇ ಸಲಿಕೆ ಹಿಡಿದು ತಮ್ಮ ಹೊಲಕ್ಕೆ ಹಾಕಿಕೊಂಡರೆ ಇದು ಹೊಸ ಪದ್ಧತಿ. ಅದಕ್ಕೂ ಓಣಿಯಾಚೆಯಿಂದ ಒಬ್ಬನನ್ನು ಕರೆದರೆ ಹಳೇ ಬುಟ್ಟಿಗೆ ಹೊಸ ಹೆಸರು. ಎರಡು ಗುಂಡಿ ಸಂಡಾಸಿಗೂ ಇದೇ ಮಾತು.

ಬಾಗೇವಾಡಿ ಬಸವಣ್ಣನವರ ಊರು. ಕಾಯಕ ಅನ್ನೋ ಮಾತನ್ನು ನಮ್ಮ ಕಡೆ ದಿನಕ್ಕೆ ಹತ್ತು ಸಲ ಹೇಳ್ತೀವಿ. ಹುಟ್ಟಿನಿಂದ ಕಟ್ಟಿಹಾಕಿದ ಕೆಲಸವನ್ನು ಕಾಯಕ ಅನ್ನೋಕೆ ಆಗಲ್ಲ. ನಮ್ಮ ಮನೆಯ ಗುಂಡಿ ನಾವೇ ತೆಗೆದರೆ ಅನ್ನಬಹುದೇನೋ. ನೀವೇನಂತೀರಿ?