ಹೊರದೇಶದಲ್ಲಿರುವ ನಮ್ಮವರಿಗೆ ರಾಯಭಾರ ಕಚೇರಿಯ ನೆರವು: ಊರಿನ ಮನೆಯವರು ತಿಳಿದಿರಬೇಕಾದ ವಿಷಯಗಳು

ಮೂಡುಬಿದಿರೆ, ಕಾರ್ಕಳದಿಂದ ಹಿಡಿದು ಹಾಸನ, ಹುಬ್ಬಳ್ಳಿ, ಬೆಳಗಾವಿಯವರೆಗೆ ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಈಗ ದುಬೈ, ಮಸ್ಕತ್, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿದ್ದಾರೆ. ಅಲ್ಲಿ ಏನಾದರೂ ತೊಂದರೆಯಾದರೆ ಇಲ್ಲಿ ತಂದೆತಾಯಿಗಳ ಬಾಯಿಂದ ಮೊದಲು ಬರುವ ಮಾತು ‘ಎಂಬೆಸಿಗೆ ಹೇಳೋಣ’ ಎಂದು. ಹೇಗೆ ಹೇಳುವುದು, ಅವರು ಏನು ಮಾಡಬಲ್ಲರು, ನಮ್ಮಿಂದ ಯಾವ ಕಾಗದ ಕೇಳುತ್ತಾರೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಸಮಾಜದ ಕೆಲಸದಲ್ಲಿರುವುದರಿಂದ ಇಂಥ ಫೋನುಗಳು ನನಗೆ ಆಗಾಗ ಬರುತ್ತವೆ. ನಾನು ಕಂಡಂತೆ ಅರ್ಧಕ್ಕರ್ಧ ತಡವಾಗುವುದು ಊರಿನ ಮನೆಯಲ್ಲಿ ಬೇಕಾದ ಕಾಗದ ಸಿಗದೆ.

ಯಾವ ಕಚೇರಿಗೆ ಹೋಗಬೇಕು?

ಪ್ರತಿ ದೇಶದ ರಾಜಧಾನಿಯಲ್ಲಿ ಇರುವುದು ರಾಯಭಾರ ಕಚೇರಿ. ಇಂಗ್ಲೆಂಡ್, ಆಸ್ಟ್ರೇಲಿಯಾದಂಥ ಕಾಮನ್‌ವೆಲ್ತ್ ದೇಶಗಳಲ್ಲಿ ಅದನ್ನೇ ಹೈಕಮಿಷನ್ ಎನ್ನುತ್ತಾರೆ. ದೊಡ್ಡ ದೇಶಗಳ ಬೇರೆ ನಗರಗಳಲ್ಲಿ ಕಾನ್ಸುಲೇಟ್‌ಗಳಿರುತ್ತವೆ, ಒಂದೊಂದಕ್ಕೂ ಅದರದೇ ವ್ಯಾಪ್ತಿ. ಟೆಕ್ಸಾಸ್‌ನಲ್ಲಿರುವವರಿಗೆ ಹ್ಯೂಸ್ಟನ್ ಕಾನ್ಸುಲೇಟ್, ದುಬೈ ಮತ್ತು ಶಾರ್ಜಾದವರಿಗೆ ದುಬೈ ಕಾನ್ಸುಲೇಟ್, ಅಬುಧಾಬಿಯವರಿಗೆ ಅಲ್ಲಿಯ ರಾಯಭಾರ ಕಚೇರಿ. ತಪ್ಪು ಕಚೇರಿಗೆ ಅರ್ಜಿ ಹೋದರೆ ವಾಪಸು ಬರುತ್ತದೆ. ಮಗ ಊರು ಬದಲಿಸಿದರೆ ಕಾನ್ಸುಲೇಟ್ ಕೂಡ ಬದಲಾಗಿರಬಹುದು, ಕೇಳಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ಅರ್ಜಿಗಳನ್ನು ಹಲವು ದೇಶಗಳಲ್ಲಿ ಹೊರಗುತ್ತಿಗೆ ಕೇಂದ್ರಗಳು ಪಡೆಯುತ್ತವೆ. ಯಾವ ಕೇಂದ್ರ, ಎಷ್ಟು ಶುಲ್ಕ ಎಂಬುದನ್ನು ಆಯಾ ಕಚೇರಿಯ ಅಧಿಕೃತ ಜಾಲತಾಣದಲ್ಲೇ ನೋಡಬೇಕು. ಎಂಬೆಸಿಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಕಾಗದದಲ್ಲಿ ದೋಷವಿದೆ, ಈಗಲೇ ಹಣ ಹಾಕಿ ಎಂದು ಬರುವ ಫೋನು ಮೋಸದ್ದು. ಇಂಥ ಕರೆಗಳ ಬಗ್ಗೆ ನಮ್ಮ ಕಚೇರಿಗಳೇ ಎಚ್ಚರಿಕೆ ಕೊಟ್ಟಿವೆ.

ಪಾಸ್‌ಪೋರ್ಟ್

ವಯಸ್ಕರ ಪಾಸ್‌ಪೋರ್ಟ್ 10 ವರ್ಷಕ್ಕೆ, ಚಿಕ್ಕ ಮಕ್ಕಳದ್ದು 5 ವರ್ಷಕ್ಕೆ. ಮಕ್ಕಳದ್ದನ್ನು ಎಲ್ಲರೂ ಮರೆಯುತ್ತಾರೆ. ಅನೇಕ ದೇಶಗಳು ಕನಿಷ್ಠ 6 ತಿಂಗಳ ಅವಧಿ ಬಾಕಿ ಇರಬೇಕೆಂದು ಕೇಳುವುದರಿಂದ ಕೊನೆಯ ವರ್ಷ ಶುರುವಾದ ಕೂಡಲೇ ನವೀಕರಣಕ್ಕೆ ಹಾಕುವುದು ಒಳ್ಳೆಯದು. ಕಳೆದುಹೋದರೆ ಅಲ್ಲಿಯ ಪೊಲೀಸರಲ್ಲಿ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ನಮ್ಮ ಕಚೇರಿಗೆ ಹೋಗಬೇಕು. ಕಳೆದಿದೆ ಎಂದು ಒಮ್ಮೆ ಬರೆಸಿದ ಮೇಲೆ ಆ ಪಾಸ್‌ಪೋರ್ಟ್ ರದ್ದಾದಂತೆ. ಆಮೇಲೆ ಬೀರುವಿನ ಹಿಂದೆ ಸಿಕ್ಕಿತೆಂದು ಅದರಲ್ಲಿ ಪ್ರಯಾಣ ಮಾಡಬಾರದು. ತುರ್ತಾಗಿ ಊರಿಗೆ ಬರಲೇಬೇಕಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ಅದು ಭಾರತಕ್ಕೆ ಬರಲು ಮಾತ್ರ, ವಾಪಸು ಹೋಗಲು ಬಾರದು.

ಮಗು ಹುಟ್ಟಿದಾಗ

ಗಲ್ಫ್ ದೇಶಗಳಲ್ಲಿ ನಮ್ಮವರಿಗೆ ಮಗು ಹುಟ್ಟಿದರೆ ಆ ದೇಶದ ಪೌರತ್ವ ಸಿಗುವುದಿಲ್ಲ. ಆದ್ದರಿಂದ ಭಾರತೀಯ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಲೇಬೇಕು. 1955ರ ಪೌರತ್ವ ಕಾಯಿದೆಯ ಪ್ರಕಾರ ಇದಕ್ಕೆ ಹುಟ್ಟಿದ ದಿನದಿಂದ 1 ವರ್ಷದ ಗಡುವು, ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಮೆರಿಕದಲ್ಲಿ ಹುಟ್ಟಿದ ಮಗು ಸಾಮಾನ್ಯವಾಗಿ ಅಲ್ಲಿಯ ಪ್ರಜೆಯೇ ಆಗುತ್ತದೆ. ಅಲ್ಲಿಯ ಪಾಸ್‌ಪೋರ್ಟ್ ತೆಗೆದುಕೊಂಡ ಮಗುವಿಗೆ ಭಾರತದ ಪಾಸ್‌ಪೋರ್ಟ್ ಇಲ್ಲ, ಓಸಿಐ ಕಾರ್ಡ್ ಮಾಡಿಸಬೇಕು.

ದೊಡ್ಡವರಿಗೂ ಇದೇ ನಿಯಮ. ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಕಾನೂನಿನ ಪ್ರಕಾರ ಕೊನೆಯಾಗುತ್ತದೆ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿ ಸರ್ಟಿಫಿಕೇಟ್ ಪಡೆಯಬೇಕು. ಓಸಿಐ ಇದ್ದವರು ವೀಸಾ ಇಲ್ಲದೆ ಬಂದುಹೋಗಬಹುದು, ಇಲ್ಲಿ ಮನೆ, ಸೈಟು ಕೊಳ್ಳಬಹುದು. ಆದರೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಡಿಕೆ, ಕಾಫಿ ತೋಟವಿರುವ ಮನೆಗಳವರು ಈ ಮಾತನ್ನು ಗಮನಿಸಬೇಕು. ಪಕ್ಕದ ತೋಟ ಮಾರಾಟಕ್ಕೆ ಬಂದಿದೆ, ಅಮೆರಿಕದ ಮಗನ ಹೆಸರಿಗೆ ಮಾಡೋಣ ಎಂಬ ಯೋಚನೆ ನಡೆಯುವುದಿಲ್ಲ.

ಪವರ್ ಆಫ್ ಅಟಾರ್ನಿ

ಆಸ್ತಿ ಪಾಲು, ಮಾರಾಟ, ಬ್ಯಾಂಕ್ ಕೆಲಸಗಳಿಗೆ ಮಗ ಅಥವಾ ಮಗಳು ಅಲ್ಲಿಂದಲೇ ಅಧಿಕಾರಪತ್ರ ಕಳುಹಿಸಬಹುದು. ಕರಡನ್ನು ಊರಿನ ವಕೀಲರಿಂದಲೇ ಬರೆಸಿ ಕಳುಹಿಸಿ. ಸರ್ವೆ ನಂಬರು, ಖಾತೆ, ಚಕ್ಕುಬಂದಿ ಇಲ್ಲಿಯವರಿಗೇ ಗೊತ್ತು. ಅದನ್ನು ಮನೆಯಲ್ಲೇ ಸಹಿ ಮಾಡಿ ಒಯ್ಯಬಾರದು, ಕಾನ್ಸುಲೇಟ್ ಅಧಿಕಾರಿಯ ಎದುರಿಗೇ ಸಹಿಯಾಗಬೇಕು. ಕಾಗದ ಕರ್ನಾಟಕಕ್ಕೆ ಬಂದು ತಲುಪಿದ 3 ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಅಂಚೆ ಲಕೋಟೆಯನ್ನೂ ಜೋಪಾನ ಮಾಡಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ.

ಒಂದೇ ಕೆಲಸಕ್ಕಾದರೆ ಆ ಕೆಲಸಕ್ಕೆ ಮಾತ್ರ ಅಧಿಕಾರ ಕೊಡಿ. ಅಣ್ಣತಮ್ಮಂದಿರೇ ಆಗಿರಲಿ, ಎಲ್ಲದಕ್ಕೂ ಸೇರಿಸಿ ಜನರಲ್ ಪವರ್ ಕೊಡುವುದು ಬೇಡವೆಂಬುದು ನನ್ನ ಅಭಿಪ್ರಾಯ. ವ್ಯಾಪಾರದಲ್ಲಿ ಖಾಲಿ ಚೆಕ್ಕಿಗೆ ಸಹಿ ಹಾಕಿ ಯಾರೂ ಕೊಡುವುದಿಲ್ಲವಷ್ಟೆ.

ನಮ್ಮಲ್ಲಿ ಹೆಸರಿನ ತೊಡಕು ಬೇರೆ. ಪಹಣಿಯಲ್ಲಿ ಮನೆತನದ ಹೆಸರಿರುತ್ತದೆ, ಪಾಸ್‌ಪೋರ್ಟಿನಲ್ಲಿ ಬರೀ ‘ಜೈನ್’ ಎಂದಿರುತ್ತದೆ. ಒಂದರಲ್ಲಿ ಹೆಗ್ಗಡೆ, ಇನ್ನೊಂದರಲ್ಲಿ ಹೆಗ್ಡೆ. ಎರಡೂ ಒಬ್ಬರದೇ ಹೆಸರು ಎಂಬ ಅಫಿಡವಿಟ್ಟನ್ನು ಮೊದಲೇ ಮಾಡಿಸಿಟ್ಟರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಓಡಾಟ ತಪ್ಪುತ್ತದೆ.

ಪೊಲೀಸರು ಹಿಡಿದರೆ

1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ ಬಂಧಿತ ವ್ಯಕ್ತಿ ಕೇಳಿಕೊಂಡರೆ ಅವನ ದೇಶದ ಕಾನ್ಸುಲೇಟಿಗೆ ತಡವಿಲ್ಲದೆ ತಿಳಿಸಬೇಕು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನದ ತಪ್ಪನ್ನು ಎತ್ತಿ ಹಿಡಿದದ್ದು ಇದೇ ವಿಧಿಯಡಿ. ಹಾಗಾಗಿ ‘ಭಾರತೀಯ ಕಾನ್ಸುಲೇಟಿಗೆ ತಿಳಿಸಿ’ ಎಂದು ಬಾಯಿಬಿಟ್ಟು ಕೇಳಬೇಕು. ಅಧಿಕಾರಿಗಳು ಬಂದು ಭೇಟಿಯಾಗುತ್ತಾರೆ, ವಕೀಲರನ್ನು ಗೊತ್ತುಮಾಡಲು ನೆರವಾಗುತ್ತಾರೆ, ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ಆ ದೇಶದ ಕಾನೂನನ್ನು ದಾಟಿ ಬಿಡಿಸಿಕೊಂಡು ಬರುವ ಅಧಿಕಾರ ಅವರಿಗಿಲ್ಲ. ಅದಕ್ಕಾಗಿ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ.

ತಾಯಂದಿರಿಗೆ ಒಂದು ಮಾತು. ಗಸಗಸೆಯನ್ನು ದುಬೈಗೂ ಸೌದಿಗೂ ಕಳುಹಿಸಬೇಡಿ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಪಾಯಸಕ್ಕೆಂದು ಕಟ್ಟಿಕೊಟ್ಟ ಪೊಟ್ಟಣ ಜೈಲಿಗೆ ದಾರಿಯಾದೀತು. ಕೆಲವು ನೋವಿನ ಮಾತ್ರೆ, ಕೊಡೈನ್ ಇರುವ ಕೆಮ್ಮಿನ ಸಿರಪ್ ಕೂಡ ಹಾಗೆಯೇ. ಅಲ್ಲಿ ಅನುಮತಿ ಇದೆಯೇ ಎಂದು ನೋಡದೆ, ವೈದ್ಯರ ಚೀಟಿ ಇಲ್ಲದೆ ಕೊಡಬೇಡಿ.

ಸಾವು ಸಂಭವಿಸಿದಾಗ

ಬರೆಯಲು ಕಷ್ಟವಾದರೂ ಬರೆಯಲೇಬೇಕಾದ ಭಾಗ ಇದು. ಸುದ್ದಿ ತಿಳಿದ ಕೂಡಲೇ ಅಲ್ಲಿರುವ ಸಂಬಂಧಿಕರು, ಸ್ನೇಹಿತರು ಅಥವಾ ಮಾಲೀಕರು ನಮ್ಮ ಕಚೇರಿಗೆ ತಿಳಿಸಬೇಕು. ಬೇಕಾಗುವ ಕಾಗದಗಳೆಂದರೆ ಆಸ್ಪತ್ರೆಯ ವರದಿ ಅಥವಾ ಮರಣ ಪ್ರಮಾಣಪತ್ರ, ಅಪಘಾತ ಅಥವಾ ಅಸಹಜ ಸಾವಾದರೆ ಪೊಲೀಸ್ ವರದಿ ಮತ್ತು ಅದರ ಇಂಗ್ಲಿಷ್ ಅನುವಾದ, ಮೃತರ ಪಾಸ್‌ಪೋರ್ಟ್ ಹಾಗೂ ವೀಸಾ ಪುಟದ ಪ್ರತಿ, ಜೊತೆಗೆ ಹತ್ತಿರದ ವಾರಸುದಾರರ ಒಪ್ಪಿಗೆ ಪತ್ರ. ಮೊದಲಿನವು ಅಲ್ಲಿಯೇ ಸಿಗುತ್ತವೆ. ಒಪ್ಪಿಗೆ ಪತ್ರ ಮಾತ್ರ ಊರಿನಿಂದ, ನೋಟರಿ ಸಹಿಯೊಂದಿಗೆ ಹೋಗಬೇಕು, ಅದು ಬರದೆ ಮುಂದಿನ ಯಾವ ಹೆಜ್ಜೆಯೂ ಸಾಗುವುದಿಲ್ಲ.

ಮದುವೆಯಾದವರಾದರೆ ಹೆಂಡತಿ ಅಥವಾ ಗಂಡ, ಇಲ್ಲದಿದ್ದರೆ ತಂದೆತಾಯಿ ಸಹಿ ಹಾಕುವುದು ವಾಡಿಕೆ. ದುಃಖದ ಮನೆಯಲ್ಲಿ ಯಾರು ಸಹಿ ಮಾಡಬೇಕೆಂಬ ಚರ್ಚೆಗೇ ಎರಡು ದಿನ ಹೋದದ್ದನ್ನು ನಾನು ನೋಡಿದ್ದೇನೆ. ಪತ್ರದಲ್ಲಿ ದೇಹವನ್ನು ಊರಿಗೆ ಕಳುಹಿಸಬೇಕೇ, ಅಲ್ಲೇ ಸಂಸ್ಕಾರವೇ, ಯಾರ ವಶಕ್ಕೆ ಕೊಡಬೇಕು, ಮಂಗಳೂರೋ ಬೆಂಗಳೂರೋ ಯಾವ ವಿಮಾನ ನಿಲ್ದಾಣ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ನಮ್ಮಲ್ಲಿ ದಹನ ಸಂಸ್ಕಾರವೇ ಪದ್ಧತಿ. ಸೌದಿ ಅರೇಬಿಯಾದಲ್ಲಿ ಅದಕ್ಕೆ ಅವಕಾಶವಿಲ್ಲ, ಅಲ್ಲೇ ಮುಗಿಸಿ ಎಂದು ಬರೆದುಕೊಟ್ಟರೆ ದಫನವೇ ಆಗುತ್ತದೆ. ದುಬೈಯಲ್ಲಿ ಹಿಂದೂ ಚಿತಾಗಾರವಿದೆ. ಬೇಗ ಸಂಸ್ಕಾರ ಮಾಡಬೇಕೆಂಬ ಹಿರಿಯರ ತವಕ ಸಹಜ, ಆದರೆ ಪೊಲೀಸ್ ತನಿಖೆ ಇದ್ದರೆ ವಾರಗಳೇ ಹಿಡಿಯಬಹುದು. ಇದನ್ನು ಅವರಿಗೆ ಮೊದಲೇ ಹೇಳಿಬಿಡುವುದು ಮೇಲು.

ಗಲ್ಫ್‌ನಲ್ಲಿ ಉದ್ಯೋಗದಲ್ಲಿದ್ದವರಾದರೆ ದೇಹ ಕಳುಹಿಸುವ ಖರ್ಚು ಸಾಮಾನ್ಯವಾಗಿ ಮಾಲೀಕರದ್ದು. ಅದು ಆಗದಿದ್ದಾಗ, ಕುಟುಂಬಕ್ಕೂ ಶಕ್ತಿ ಇಲ್ಲದಿದ್ದಾಗ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೇಳಬಹುದು. 2009ರಲ್ಲಿ ಆರಂಭವಾದ ಈ ನಿಧಿ ನಮ್ಮ ಎಲ್ಲ ರಾಯಭಾರ ಕಚೇರಿಗಳಲ್ಲೂ ಇದೆ. ನಿಜವಾಗಿ ಕಷ್ಟದಲ್ಲಿರುವವರ ಊಟ, ವಸತಿ, ತುರ್ತು ಚಿಕಿತ್ಸೆ, ಕಾನೂನು ನೆರವು, ವಿಮಾನ ಟಿಕೆಟ್‌ಗೂ ಬಳಸುತ್ತಾರೆ. ಅನುಕೂಲಸ್ಥರಿಗೆ ಇರುವುದಲ್ಲ. ಬಾಕಿ ಸಂಬಳ, ಪರಿಹಾರದ ಹಣಕ್ಕೂ ಕಾನ್ಸುಲೇಟ್ ಮೂಲಕವೇ ಕೇಳಬಹುದು, ಅದಕ್ಕೆ ವಾರಸುದಾರರ ಪ್ರಮಾಣಪತ್ರ ಬೇಕಾಗುತ್ತದೆ.

ಊರಿನಿಂದಲೇ ದೂರು ಕೊಡಲು

ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣ 2015ರಿಂದ ಇದೆ. ಸಂಬಳ ಕೊಡದಿರುವುದು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿರುವುದು, ಜೈಲು, ಮೃತದೇಹ ತರಿಸುವುದು, ಎಲ್ಲಕ್ಕೂ ಇಲ್ಲಿಂದ ತಂದೆತಾಯಿಯೇ ದೂರು ದಾಖಲಿಸಬಹುದು. ಸಿಗುವ ನೋಂದಣಿ ಸಂಖ್ಯೆಯನ್ನು ಬರೆದಿಡಿ. ಹತ್ತು ಜನ ಹತ್ತು ದೂರು ಹಾಕುವುದಕ್ಕಿಂತ ಮನೆಯ ಒಬ್ಬರೇ ಹಾಕಿ ಅದನ್ನೇ ಹಿಂಬಾಲಿಸುವುದು ಒಳ್ಳೆಯದು.

ಇದಕ್ಕೆಲ್ಲ ಮನೆಯಲ್ಲಿ ಒಂದು ಫೈಲು ಬೇಕು. ಹೊರದೇಶದಲ್ಲಿರುವವರ ಪಾಸ್‌ಪೋರ್ಟಿನ ಮೊದಲ ಹಾಗೂ ಕೊನೆಯ ಪುಟ, ವೀಸಾ ಅಥವಾ ವಾಸದ ಕಾರ್ಡ್, ಕೆಲಸದ ಒಪ್ಪಂದ, ವಿಮೆಯ ಪತ್ರ, ಮದುವೆ ನೋಂದಣಿ, ಅಲ್ಲಿಯ ವಿಳಾಸ, ಮಾಲೀಕರ ಮತ್ತು ಇಬ್ಬರು ಸ್ನೇಹಿತರ ಫೋನ್ ನಂಬರು ಅದರಲ್ಲಿರಲಿ. ಮೊಬೈಲಿನಲ್ಲಿದೆ ಎಂದರೆ ಸಾಲದು, ಕಾಗದದಲ್ಲೂ ಇರಬೇಕು. ಪಾಸ್‌ಪೋರ್ಟ್ ನವೀಕರಿಸಿದಾಗ ಅದರ ಸಂಖ್ಯೆ ಬದಲಾಗುತ್ತದೆ, ಆಗ ಹೊಸ ಪ್ರತಿ ತರಿಸಿ ಹಳೆಯದರ ಮೇಲೆ ಇಡಿ.