ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಲ್ಲಿ ಹವ್ಯಾಸಿ ಗಾಳದ ಮೀನುಗಾರಿಕೆ: ಸಾರ್ವಜನಿಕರಿಗೆ ಮಾಹಿತಿ

ಹವ್ಯಾಸಕ್ಕಾಗಿ ಗಾಳ ಹಾಕಲು ಬಯಸುವವರು ಆಯ್ದುಕೊಂಡ ನೀರಿನಲ್ಲಿ ಮೀನು ಹಿಡಿಯುವ ಹಕ್ಕು ಯಾರಿಗೆ ಸೇರಿದೆ ಎಂಬುದನ್ನು ಮೊದಲು ತಿಳಿದುಕೊಳ್ಳತಕ್ಕದ್ದು. ಕೆರೆಯ ದಂಡೆಗೆ ಎಲ್ಲರಿಗೂ ದಾರಿ ಇದೆ, ಊರ ದನಕರು ಅಲ್ಲಿ ನೀರು ಕುಡಿಯುತ್ತವೆ ಎಂಬ ಮಾತ್ರಕ್ಕೆ ಅದರ ಮೀನು ಎಲ್ಲರದೂ ಆಗುವುದಿಲ್ಲ.

ನೊಣದಂತೆ ಕಾಣುವ ಗರಿ ಕಟ್ಟಿದ ಗಾಳದಿಂದ ಮೀನು ಹಿಡಿಯುವ ಪದ್ಧತಿಯನ್ನು ಪುಸ್ತಕಗಳಿಂದ ಕಲಿತವರು ಟ್ರೌಟ್ ಮೀನಿನ ತೊರೆಗಳನ್ನು ಹುಡುಕುವುದುಂಟು. ಟ್ರೌಟ್ ತಣ್ಣೀರಿನ ಮೀನು. ನೀರಿನ ಉಷ್ಣತೆ ಬಹುಕಾಲ 20 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದು ಏಳಿಗೆಯಾಗದು. ಗದಗ ಜಿಲ್ಲೆಯ ಬಯಲುಸೀಮೆಯಲ್ಲಿ ಅದು ಬದುಕುವ ನೀರಿಲ್ಲ. ದಕ್ಷಿಣ ಭಾರತದಲ್ಲಿ ಅದನ್ನು ಬೆಳೆಸಿದ್ದು ನೀಲಗಿರಿ ಹಾಗೂ ಮುನ್ನಾರಿನಂತಹ ಎತ್ತರದ ಪ್ರದೇಶಗಳಲ್ಲಿ. ಆದರೆ ಅದೇ ಗರಿಗಾಳಕ್ಕೆ ಇಲ್ಲಿನ ಗೆಂಡೆ ಜಾತಿಯ ಮೀನುಗಳೂ ಕೊರವ ಮೀನೂ ಬೀಳುತ್ತವೆ. ಹೊಸಬರು ಅಭ್ಯಾಸಕ್ಕಾಗಿ ದೂರ ಹೋಗಬೇಕಾದ ಅಗತ್ಯವಿಲ್ಲ.

ಈ ಭಾಗದ ಮುಖ್ಯ ಹೊಳೆ ಮಲಪ್ರಭಾ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥ ಅಣೆಕಟ್ಟನ್ನು ದಾಟಿ, ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರುಗಳ ಬಳಿ ಹರಿಯುತ್ತದೆ. ಎದುರು ದಂಡೆ ಹಲವೆಡೆ ಬಾಗಲಕೋಟೆ ಜಿಲ್ಲೆಗೆ ಸೇರಿರುವುದರಿಂದ, ಪಡೆದ ಅನುಮತಿ ಎರಡೂ ದಂಡೆಗೆ ಅನ್ವಯಿಸುತ್ತದೆಯೇ ಎಂದು ಕೇಳುವುದು ಒಳಿತು. ಬೇಸಿಗೆಯಲ್ಲಿ ಹೊಳೆ ಸೊರಗಿ, ಮಡುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಅಂತಹ ಮಡುವಿನ ಮೀನು ಮುಂದಿನ ಮಳೆಗಾಲದ ತಳಿಯಾದುದರಿಂದ, ಹವ್ಯಾಸಿಗಳು ಅವನ್ನು ಬಿಟ್ಟುಬಿಡುವುದೇ ಲೇಸು. ಬೆಣ್ಣಿಹಳ್ಳ ರೋಣ ತಾಲ್ಲೂಕಿನಲ್ಲಿಯೇ ಮಲಪ್ರಭೆಯನ್ನು ಸೇರುತ್ತದೆ. ಗಜೇಂದ್ರಗಡದ ಗುಡ್ಡಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಅಲ್ಲಿ ಕೆರೆಗಳೇ ಗತಿ.

ಕೆರೆಗಳ ವಿಷಯದಲ್ಲಿಯೇ ಹೆಚ್ಚಿನ ತಕರಾರುಗಳು ಹುಟ್ಟುತ್ತವೆ. ದೊಡ್ಡ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಮೀನುಗಾರಿಕೆ ಇಲಾಖೆಯು ಸಾಮಾನ್ಯವಾಗಿ 5 ವರ್ಷಗಳ ಅವಧಿಗೆ ಗುತ್ತಿಗೆ ಕೊಡುತ್ತದೆ; ಮೀನುಗಾರರ ಸಹಕಾರ ಸಂಘಗಳು ಇಂತಹ ಗುತ್ತಿಗೆಯನ್ನು ಪಡೆಯುತ್ತವೆ. ಸಣ್ಣ ಕೆರೆಗಳ ಹಕ್ಕು ಗ್ರಾಮ ಪಂಚಾಯಿತಿಗೆ ಸೇರಿರುತ್ತದೆ. ಗುತ್ತಿಗೆದಾರರು ಮಳೆಗಾಲದಲ್ಲಿ ಸ್ವಂತ ಹಣದಿಂದ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಬಿತ್ತನೆ ಮಾಡಿ, ಅವು ಮಾರಾಟದ ಗಾತ್ರಕ್ಕೆ ಬರುವವರೆಗೆ ಕಾಯುತ್ತಾರೆ. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿ ಹಾಕಿದ ಬಂಡವಾಳವೇ ಹೋಗುವುದುಂಟು. ಇಂತಹ ಕೆರೆಯಲ್ಲಿ ಕೇಳದೆ ಗಾಳ ಹಾಕುವವನು ಒಂದು ಕುಟುಂಬದ ಅನ್ನಕ್ಕೆ ಕೈಹಾಕಿದಂತೆ. ಗುತ್ತಿಗೆದಾರರು ಒಪ್ಪಿದಲ್ಲಿ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳುವುದು ಸೂಕ್ತ.

ಯಾವ ಕೆರೆ ಅಥವಾ ನದಿ ಭಾಗ ಯಾರಿಗೆ ಗುತ್ತಿಗೆಯಾಗಿದೆ, ಗಾಳಕ್ಕೆ ಪರವಾನಗಿ ದೊರೆಯುತ್ತದೆಯೇ, ಶುಲ್ಕವೆಷ್ಟು ಎಂಬುದನ್ನು ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಖುದ್ದಾಗಿ ವಿಚಾರಿಸತಕ್ಕದ್ದು. ಬಾಯಿಮಾತಿನ ಉತ್ತರ ಸಾಲದಿದ್ದಲ್ಲಿ, ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಗುತ್ತಿಗೆ ಆದೇಶದ ಪ್ರತಿಯನ್ನು ಕೋರಬಹುದು. ಉತ್ತರಕ್ಕೆ 30 ದಿನಗಳ ಕಾಲಮಿತಿ ಇದೆ. ಅರ್ಜಿಯಲ್ಲಿ ಕೆರೆಯ ಹೆಸರಿನೊಡನೆ ಗ್ರಾಮದ ಹೆಸರನ್ನೂ ಸ್ಪಷ್ಟವಾಗಿ ಬರೆಯತಕ್ಕದ್ದು. ಗಜೇಂದ್ರಗಡವು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ರೋಣ ತಾಲ್ಲೂಕಿಗೆ ಸೇರಿದ್ದುದರಿಂದ, ಅಲ್ಲಿನ ಕೆರೆಗಳ ಹಳೆಯ ದಾಖಲೆಗಳು ರೋಣದ ಹೆಸರಿನಲ್ಲಿರುವ ಸಂಭವವಿದೆ. ಅರ್ಜಿದಾರರು ಇದನ್ನು ಗಮನದಲ್ಲಿಡಬೇಕು.

ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು ಅಪರಾಧ. ಮುಂಗಾರಿನ ಮೊದಲ ತಿಂಗಳುಗಳು ಹೆಚ್ಚಿನ ಮೀನುಗಳು ಮೊಟ್ಟೆಯಿಡುವ ಕಾಲವಾದುದರಿಂದ ಆಗ ಗಾಳ ಹಾಕದಿರುವುದು ಉತ್ತಮ. ಕೊರವ ಮೀನಿನ ಕೆಂಬಣ್ಣದ ಮರಿಗಳು ನೀರಿನ ಮೇಲೆ ಗುಂಪಾಗಿ ಕಂಡಲ್ಲಿ, ತಾಯಿತಂದೆ ಮೀನುಗಳು ಕೆಳಗೆ ಕಾವಲಿರುತ್ತವೆ. ಅವು ಆಗ ಸುಲಭವಾಗಿ ಗಾಳಕ್ಕೆ ಬೀಳುತ್ತವೆ, ಕಾವಲಿಲ್ಲದ ಮರಿಗಳು ಇತರ ಮೀನುಗಳ ಪಾಲಾಗುತ್ತವೆ. ಹಿಡಿದು ಬಿಡುವ ಉದ್ದೇಶವುಳ್ಳವರು ಹಿಂಮುಳ್ಳಿಲ್ಲದ ಕೊಕ್ಕೆ ಬಳಸಿ, ಒದ್ದೆ ಕೈಯಿಂದಲೇ ಮೀನನ್ನು ಮುಟ್ಟತಕ್ಕದ್ದು.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯು ವಲಸೆ ಹಕ್ಕಿಗಳ ಸಂರಕ್ಷಿತ ತಾಣವಾಗಿದ್ದು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದೆ. ಅಲ್ಲಿಗೆ ಗಾಳವನ್ನು ಒಯ್ಯಬಾರದು.

2009 ಮತ್ತು 2019ರ ಪ್ರವಾಹಗಳಲ್ಲಿ ಮಲಪ್ರಭಾ ದಂಡೆಯ ಗ್ರಾಮಗಳು ಜಲಾವೃತಗೊಂಡಿದ್ದವು. ಅಣೆಕಟ್ಟಿನಿಂದ ನೀರು ಬಿಡುವ ಪ್ರಕಟಣೆ ಹೊರಟಾಗ ಹೊಳೆಗೆ ಇಳಿಯತಕ್ಕದ್ದಲ್ಲ. ಬೆಣ್ಣಿಹಳ್ಳದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಇಲ್ಲಿ ಆಕಾಶ ತಿಳಿಯಾಗಿದ್ದರೂ ಮೇಲಿನ ಹುಬ್ಬಳ್ಳಿ, ನವಲಗುಂದ ಭಾಗದಲ್ಲಿ ಮಳೆಯಾದರೆ ಹಳ್ಳ ಒಮ್ಮೆಲೇ ತುಂಬಿ ಬರುತ್ತದೆ. ಮರಳು ತೆಗೆದ ಗುಂಡಿಗಳೂ ಮೊಸಳೆಗಳೂ ಎಲ್ಲಿವೆ ಎಂಬುದನ್ನು ದಂಡೆಯ ಊರಿನವರಲ್ಲಿ ಕೇಳಿ ತಿಳಿದ ಬಳಿಕವೇ ನೀರಿನ ಹತ್ತಿರ ಹೋಗುವುದು.