ಸಹಜ ವಿಧಾನದ ಭಾಷಾ ಪಠ್ಯಪುಸ್ತಕಗಳು (ಫ್ರೆಂಚ್, ಜರ್ಮನ್)

ಕಲಿಯುವವರ ಮಾತೃಭಾಷೆಯ ನೆರವಿಲ್ಲದೆ, ಕಲಿಯಬೇಕಾದ ಭಾಷೆಯಲ್ಲೇ ಮೊದಲ ಪುಟದಿಂದ ಸಾಗುವ ಪಠ್ಯಪುಸ್ತಕಗಳು. ಏಕಭಾಷಾ ಪಠ್ಯಗಳೆಲ್ಲ ಈ ವರ್ಗಕ್ಕೆ ಸೇರುವುದಿಲ್ಲ. ಹೊಸ ಪದದ ಅರ್ಥ ಚಿತ್ರದಿಂದಲೋ ಹಿಂದೆ ಕಲಿತ ಪದಗಳಿಂದಲೋ ಪುಟದಲ್ಲೇ ಹೊಳೆಯಬೇಕು. ಶಿಕ್ಷಕರಿಲ್ಲದೆ ಓದುವವರಿಗೆ ಈ ವ್ಯತ್ಯಾಸವೇ ಮುಖ್ಯ.

ಹಿನ್ನೆಲೆ

ಅಮೆರಿಕದಲ್ಲಿ ಗಾಟ್ಲೀಬ್ ಹೆನೆಸ್ ಜರ್ಮನ್ನನ್ನೂ ಲ್ಯಾಂಬರ್ಟ್ ಸೋವರ್ ಫ್ರೆಂಚನ್ನೂ ಅನುವಾದವಿಲ್ಲದೆ ಕಲಿಸಿದರು. ಸೋವರ್ ಅವರ ಸಂಭಾಷಣಾ ಪಠ್ಯ 1874ರಲ್ಲಿ ಬಂತು. ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್ 1878ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ಶಾಲೆ ತೆರೆದರು. ಜರ್ಮನಿಯಲ್ಲಿ ವಿಲ್ಹೆಲ್ಮ್ ಫಿಯೆಟರ್ 1882ರ ಕಿರುಹೊತ್ತಗೆಯಲ್ಲಿ ವ್ಯಾಕರಣ–ಅನುವಾದ ಪದ್ಧತಿಯನ್ನು ಖಂಡಿಸಿದರು. ಆದರೆ ಈ ತರಗತಿಗಳಲ್ಲಿ ವಸ್ತುವನ್ನು ತೋರಿಸಿ ಅರ್ಥ ಮಾಡಿಸುತ್ತಿದ್ದವರು ಶಿಕ್ಷಕರು. ಪುಸ್ತಕಕ್ಕೆ ಎರಡನೆಯ ಸ್ಥಾನ.

ಯೆನ್ಸನ್ ಪದ್ಧತಿ

ಶಿಕ್ಷಕರ ಆ ಕೆಲಸವನ್ನು ಪುಟಕ್ಕೇ ವಹಿಸಿದ್ದು ಡೆನ್ಮಾರ್ಕ್‌ನ ಆರ್ಥರ್ ಯೆನ್ಸನ್ ಅವರ ಸಾಧನೆ ಎನ್ನಬಹುದು. ಮೊದಲು ಇಂಗ್ಲಿಷಿಗೆ ರೂಪಿಸಿದ ಕ್ರಮವನ್ನು 1950ರ ದಶಕದಲ್ಲಿ ‘ಲ ಫ್ರಾನ್ಸೇ ಪಾರ್ ಲಾ ಮೆತೋದ್ ನಾತ್ಯೂರ್’ ಪುಸ್ತಕ ಫ್ರೆಂಚಿಗೆ ಒಗ್ಗಿಸಿತು. ಪಾಠಗಳು ಕಥೆಯಾಗಿ ಸಾಗುತ್ತವೆ. ಪ್ರತಿ ಸಾಲಿನ ಕೆಳಗೆ ಧ್ವನಿಲಿಪಿ, ಅಂಚಿನಲ್ಲಿ ಚಿತ್ರಗಳು. ಫ್ರೆಂಚಿನಲ್ಲಿ ಬರೆದದ್ದಕ್ಕೂ ಉಚ್ಚರಿಸುವುದಕ್ಕೂ ಅಂತರ ಹೆಚ್ಚಿರುವುದರಿಂದ ಧ್ವನಿಲಿಪಿಯ ಸಾಲು ಅಲಂಕಾರವಲ್ಲ, ಅಗತ್ಯ.

ಲಿಂಗವ್ಯವಸ್ಥೆಯನ್ನೇ ಗಮನಿಸಬಹುದು. ‘ಚಿಕ್ಕ’ ಎಂಬ ವಿಶೇಷಣ ಮನೆಯ ಮುಂದೆ ‘ಪೆತಿತ್’, ತೋಟದ ಮುಂದೆ ‘ಪೆತಿ’ ಆಗುತ್ತದೆ. ಇಂಥ ಜೋಡಿಗಳು ಅಕ್ಕಪಕ್ಕದ ವಾಕ್ಯಗಳಲ್ಲಿ ಹಲವು ಸಲ ಬಂದರೆ ಓದುಗರು ನಿಯಮವನ್ನು ತಾವೇ ಊಹಿಸುತ್ತಾರೆ. ಸೂತ್ರ ಆಮೇಲೆ ಬಂದರೂ ಸಾಕು. ಇದಕ್ಕೆ ತೆರಬೇಕಾದ ಬೆಲೆ ಗಾತ್ರ: ಪುನರಾವೃತ್ತಿಯಿಲ್ಲದೆ ಊಹೆ ಗಟ್ಟಿಯಾಗದು, ಪುನರಾವೃತ್ತಿಯಿದ್ದರೆ ಪುಟಗಳು ಬೆಳೆಯುತ್ತವೆ. ಇದೇ ಪರಂಪರೆಯಲ್ಲಿ ಹಾನ್ಸ್ ಓರ್ಬರ್ಗ್ 1955ರಲ್ಲಿ ಹೊರತಂದ ಲ್ಯಾಟಿನ್ ಪಠ್ಯ ಇಂದಿಗೂ ಬಳಕೆಯಲ್ಲಿದೆ.

ಇತರ ಫ್ರೆಂಚ್ ಪಠ್ಯಗಳು

1950ರ ದಶಕದ ಗಾಸ್ತೋಂ ಮೋಜೇ ಅವರ ಪಾಠಮಾಲೆ ಫ್ರೆಂಚಿನಲ್ಲೇ ಇದ್ದರೂ ಮುಖ್ಯವಾಗಿ ತರಗತಿಗಾಗಿ ರಚಿತವಾದದ್ದು. ಯೇಲ್ ವಿಶ್ವವಿದ್ಯಾಲಯದ ಪಿಯೆರ್ ಕಾಪ್ರೆಟ್ಸ್ ರೂಪಿಸಿದ ‘ಫ್ರೆಂಚ್ ಇನ್ ಆ್ಯಕ್ಷನ್’ (1987) 52 ವಿಡಿಯೊ ಕಂತುಗಳನ್ನು ಆಧರಿಸಿದೆ. ಕಂತು ನೋಡದೆ ಪುಸ್ತಕವನ್ನಷ್ಟೇ ಓದಿದರೆ ಪ್ರಯೋಜನ ಅರ್ಧಕ್ಕಿಳಿಯುತ್ತದೆ.

ಜರ್ಮನ್

ಇಲ್ಲಿ ಆಯ್ಕೆ ಕಡಿಮೆ. 1955ರ ಶುಲ್ಟ್ಸ್–ಗ್ರೀಸ್‌ಬಾಖ್ ಪಠ್ಯ ವ್ಯಾಕರಣವನ್ನೂ ಜರ್ಮನ್ನಿನಲ್ಲೇ ವಿವರಿಸುತ್ತದೆ; ಬೇರೆ ಬೇರೆ ಮಾತೃಭಾಷೆಯವರು ಕೂಡಿದ ತರಗತಿಗೆ ಅದು ಅನುಕೂಲ, ಸ್ವಯಂ ಕಲಿಯುವವರಿಗೆ ಕಷ್ಟ. ಐ. ಎ. ರಿಚರ್ಡ್ಸ್ ಮತ್ತು ಸಂಗಡಿಗರ ‘ಜರ್ಮನ್ ಥ್ರೂ ಪಿಕ್ಚರ್ಸ್’ ರೇಖಾಚಿತ್ರ ಹಾಗೂ ಅದಕ್ಕೆ ತಕ್ಕ ವಾಕ್ಯಗಳಿಂದ ನಡೆಯುವುದರಿಂದ ಆರಂಭಕ್ಕೆ ಹೆಚ್ಚು ಹೊಂದುತ್ತದೆ. ಕನ್ನಡ ಓದುಗರಿಗೆ ವಿಭಕ್ತಿ ಹೊಸದಲ್ಲ. ಆದರೆ ‘ನಾಯಿಯನ್ನು’ ಎಂಬಲ್ಲಿ ಪದದ ಕೊನೆಗೆ ಅಂಟುವ ಗುರುತು ಜರ್ಮನ್ನಿನಲ್ಲಿ ಬಹುಮಟ್ಟಿಗೆ ನಾಮಪದದ ಮುಂದೆ, ‘ಡೆರ್ ಹುಂಡ್’ ‘ಡೆನ್ ಹುಂಡ್’ ಆಗುವಲ್ಲಿ ಕಾಣುತ್ತದೆ. ಇದನ್ನು ಚಿತ್ರದಿಂದಷ್ಟೇ ತಿಳಿಸುವುದು ಸುಲಭವಲ್ಲ.

ಆಯ್ಕೆ

ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಮತ್ತು ಮ್ಯಾಕ್ಸ್ ಮುಲ್ಲರ್ ಭವನದಂಥ ಸಂಸ್ಥೆಗಳ ತರಗತಿಗೆ ಸೇರುವವರಿಗೆ ಏಕಭಾಷಾ ಪಠ್ಯ ಸಾಕಾಗಬಹುದು. ಉಳಿದದ್ದನ್ನು ಶಿಕ್ಷಕರು ತುಂಬುತ್ತಾರೆ. ಒಬ್ಬರೇ ಓದುವವರು ಕೊಳ್ಳುವ ಮುನ್ನ ಮೊದಲ ಎರಡು ಪಾಠಗಳನ್ನು ನಿಘಂಟಿಲ್ಲದೆ ಓದಿ ನೋಡುವುದು ಒಳ್ಳೆಯದು. ಅಭ್ಯಾಸದ ಸೂಚನೆಗಳೇ ಪಾಠಕ್ಕಿಂತ ಕಠಿಣ ಭಾಷೆಯಲ್ಲಿದ್ದರೆ ಆ ಪುಸ್ತಕ ತರಗತಿಗೆಂದು ಬರೆದದ್ದು.